ಮಾವ ಬುಕ್ ಮಾಡಿದ ಸ್ಕೂಟರ್

2023ರ ದೀಪಾವಳಿಗೆ ಗದಗಿಗೆ ಹೋಗಿದ್ದೆ. ಸೋದರಮಾವನ ಹಳೆಯ ಮನೆಯನ್ನು ಮಾರುವ ಮಾತು ನಡೆದಿತ್ತು. ಮಾವ ತೀರಿಕೊಂಡು ಹನ್ನೆರಡು ವರ್ಷ, ಅತ್ತೆ ತೀರಿಕೊಂಡು ಒಂದು ವರ್ಷ. ಅಟ್ಟದ ಮೇಲಿನ ಟ್ರಂಕು ಇಳಿಸಿ ಬೇಕಾದದ್ದು, ಬೇಡಾದದ್ದು ಎಂದು ಬೇರೆ ಮಾಡುತ್ತ ಕೂತಿದ್ದಾಗ ಮಾವನ ಮಗ ಒಂದು ಪಾಸ್‌ಬುಕ್ಕನ್ನು ನನ್ನ ಕೈಗಿಟ್ಟು, "ನೀ ಬ್ಯಾಂಕಿನಾಂವ ಅದೀ. ಇದರಾಗ ಏನರ ರೊಕ್ಕ ಉಳದೈತೇನು ನೋಡು" ಅಂದ.

ಪೋಸ್ಟಾಫೀಸಿನ ಉಳಿತಾಯ ಖಾತೆಯ ಪಾಸ್‌ಬುಕ್ಕು. ಅಂಚು ಗೆದ್ದಲು ತಿಂದಿತ್ತು. ಅದರಲ್ಲಿ ಇದ್ದ ಜಮಾ ಒಂದೇ ಒಂದು: 1977ರಲ್ಲಿ 250 ರೂಪಾಯಿ. ಆಮೇಲೆ ಏಳು ವರ್ಷ ಬಡ್ಡಿಯ ನಮೂದು ಬಿಟ್ಟರೆ ಬೇರೆ ಏನೂ ಇಲ್ಲ. 1984ರ ಜೂನ್‌ನಲ್ಲಿ ಎಲ್ಲ ತೆಗೆದು ಖಾತೆ ಬಂದ್. ಮೊದಲ ಪುಟದ ಮೇಲೆ ಅಡ್ಡಕ್ಕೆ ಒಂದು ರಬ್ಬರ್ ಸ್ಟಾಂಪು, ಈ ಖಾತೆ ಹುಬ್ಬಳ್ಳಿಯ ಒಬ್ಬ ಸ್ಕೂಟರ್ ಡೀಲರ್ ಹೆಸರಿಗೆ ಒತ್ತೆ ಇದೆ ಅಂತ.

"ರೊಕ್ಕ ಏನೂ ಇಲ್ಲೋ" ಎಂದೆ. ಅವನಿಗೆ ನಲವತ್ತೈದು ವರ್ಷ, ಸ್ವಂತ ಕಾರಿದೆ. ಪೋಸ್ಟಿನ ಖಾತೆಯನ್ನು ಸ್ಕೂಟರ್ ಅಂಗಡಿಯವನಿಗೆ ಯಾಕೆ ಒತ್ತೆ ಇಡಬೇಕು ಎನ್ನುವುದು ಅವನಿಗೆ ತಿಳಿಯಲಿಲ್ಲ. "ನಮ್ಮ ಮನ್ಯಾಗ ಸ್ಕೂಟರ್ ಇರಲೇ ಇಲ್ಲಲ್ಲೋ" ಅಂದ. ನಿಜ, ಇರಲಿಲ್ಲ. ಅವನಿಗೆ ಅಲ್ಲಿ ಕೂತು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸ್ವಲ್ಪ ವ್ಯವಸ್ಥಿತವಾಗಿ ಹೇಳುತ್ತೇನೆ. ಐವತ್ತು ದಾಟಿದ ಓದುಗರಿಗೆ ಇದರಲ್ಲಿ ಅರ್ಧ ಗೊತ್ತಿದ್ದದ್ದೇ. ನಿಮ್ಮ ಮಕ್ಕಳಿಗೆ ಓದಿಸಿ.

ನಾವು ಕಂಡ ಬಗೆಯ ಸ್ಕೂಟರ್ ಹುಟ್ಟಿದ್ದು ಇಟಲಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ದೇಶ. ವಿಮಾನ ತಯಾರಿಸುತ್ತಿದ್ದ ಪಿಯಾಜಿಯೋ ಕಂಪನಿಗೆ ಆ ಕೆಲಸ ನಿಂತುಹೋಗಿತ್ತು. ಜನರಿಗೆ ಅಗ್ಗದ ವಾಹನ ಬೇಕಾಗಿತ್ತು. ಕೊರಾದಿನೊ ದಾಸ್ಕಾನಿಯೊ ಎಂಬ ವಿಮಾನದ ಇಂಜಿನಿಯರ್ 1946ರಲ್ಲಿ ವೆಸ್ಪಾ ಮಾಡಿಕೊಟ್ಟ. ಆತನಿಗೆ ಮೋಟರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲವಂತೆ. ಹಾಗಾಗಿ ಮೋಟರ್‌ಸೈಕಲ್ಲಿನಲ್ಲಿ ಬೇಡವಾದದ್ದನ್ನೆಲ್ಲ ತೆಗೆದ. ಸರಪಳಿ ಇಲ್ಲ, ಬಟ್ಟೆಗೆ ಎಣ್ಣೆ ಹತ್ತುವುದಿಲ್ಲ. ಗೇರು ಕೈಯಲ್ಲಿ. ಇಂಜಿನ್ನು ಹಿಂದಿನ ಚಕ್ರದ ಪಕ್ಕದಲ್ಲಿ, ಮುಚ್ಚಿದ ಡಬ್ಬಿಯೊಳಗೆ. ಕಾಲಿಡಲು ಮುಂದೆ ಸಪಾಟು ಜಾಗ. ಮರುವರ್ಷವೇ ಮಿಲಾನಿನ ಇನೊಚೆಂತಿ ಕಂಪನಿ ಲ್ಯಾಂಬ್ರೆಟಾ ತಂದಿತು.

ಆ ಪುಣ್ಯಾತ್ಮ ನಮ್ಮ ಸಂಸಾರಗಳನ್ನು ನೋಡಿಯೇ ಮಾಡಿದನೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆ ಸಪಾಟು ಜಾಗದಲ್ಲಿ ಒಂದು ಮಗು ನಿಲ್ಲುತ್ತಿತ್ತು. ಅದಿಲ್ಲದಾಗ ಗ್ಯಾಸ್ ಸಿಲಿಂಡರ್ ನಿಲ್ಲುತ್ತಿತ್ತು. ಹಿಂದೆ ಸೀರೆ ಉಟ್ಟ ಹೆಂಗಸು ಅಡ್ಡ ಕೂತು, ತೊಡೆಯ ಮೇಲೆ ಇನ್ನೊಂದು ಮಗು. ನಡುವೆ ಒಂದು ಚೀಲ ತರಕಾರಿ. ಇಟಲಿಯಲ್ಲಿ ಹುಡುಗ ಹುಡುಗಿಯರು ಸುತ್ತಾಡಲು ಹತ್ತಿದ ಗಾಡಿ, ನಮ್ಮಲ್ಲಿಗೆ ಬಂದು ಸಂಸಾರಸ್ಥನಾಯಿತು.

ಬಂದದ್ದು ಸ್ವಾತಂತ್ರ್ಯದ ಮರುವರ್ಷ. ಬಜಾಜಿನವರು 1948ರಲ್ಲಿ ಎರಡು ಮತ್ತು ಮೂರು ಚಕ್ರದ ಗಾಡಿಗಳನ್ನು ಆಮದು ಮಾಡಿ ಮಾರತೊಡಗಿದರು. ಐವತ್ತರ ದಶಕದಲ್ಲಿ ಮುಂಬಯಿಯ ಆಟೋಮೊಬೈಲ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಲ್ಯಾಂಬ್ರೆಟಾ ಜೋಡಿಸಿ ಮಾರಿತು. 1959ರಲ್ಲಿ ಬಜಾಜಿಗೆ ಇಲ್ಲೇ ತಯಾರಿಸುವ ಲೈಸೆನ್ಸ್ ಸಿಕ್ಕಿ, ಪುಣೆಯ ಪಕ್ಕದ ಆಕುರ್ಡಿಯಲ್ಲಿ ಕಾರ್ಖಾನೆ ಎದ್ದಿತು. ಪಿಯಾಜಿಯೋ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ಅದೇ ಅಚ್ಚಿನ ಗಾಡಿಗೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟರು: ಚೇತಕ್. ಲಖನೌದಲ್ಲಿ ಕೇಂದ್ರ ಸರ್ಕಾರದ ಸ್ಕೂಟರ್ಸ್ ಇಂಡಿಯಾ ಇಟಲಿಯಿಂದ ಲ್ಯಾಂಬ್ರೆಟಾದ ಯಂತ್ರಗಳನ್ನೇ ತರಿಸಿ ವಿಜಯ್ ಸೂಪರ್ ಮಾಡಿತು. ಸಾತಾರೆಯಿಂದ ಪ್ರಿಯಾ, ಹೈದರಾಬಾದಿನಿಂದ ಆಲ್ವಿನ್ ಪುಷ್ಪಕ್, ಗುಜರಾತಿನಿಂದ ಗಿರ್ನಾರ್ ಬಂದವು. ಮೈಸೂರಿನವರಿಗೆ ಬಿಡಿ, ಅವರ ಜಾವಾ ಅವರಿಗಿತ್ತು.

ಇಷ್ಟು ಹೆಸರು ಕೇಳಿದರೆ ಅಂಗಡಿಗೆ ಹೋಗಿ ಆರಿಸಿಕೊಳ್ಳುವುದೇ ಕಷ್ಟ ಅನಿಸಬೇಕು. ಆದರೆ ಅಂಗಡಿಯಲ್ಲಿ ಗಾಡಿಯೇ ಇರುತ್ತಿರಲಿಲ್ಲ. ಇರುತ್ತಿದ್ದದ್ದು ಒಂದು ರಿಜಿಸ್ಟರು.

ಇದು ಹೇಗೆ ಎಂದರೆ: 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಕಾರ್ಖಾನೆ ಹಾಕಲಿಕ್ಕೆ ಮಾತ್ರವಲ್ಲ, ಎಷ್ಟು ತಯಾರಿಸಬೇಕು ಅನ್ನುವುದಕ್ಕೂ ದಿಲ್ಲಿಯ ಅಪ್ಪಣೆ ಬೇಕು. ಬೇಡಿಕೆ ಇದೆ, ದುಡ್ಡಿದೆ, ಕೆಲಸಗಾರರಿದ್ದಾರೆ, ಆದರೂ ಲೈಸೆನ್ಸಿನಲ್ಲಿ ಬರೆದ ಸಂಖ್ಯೆಗಿಂತ ಬಹಳ ಮೇಲೆ ಹೋಗುವ ಹಾಗಿಲ್ಲ. 1969ರಲ್ಲಿ ಏಕಸ್ವಾಮ್ಯ ತಡೆಯುವ ಎಂ.ಆರ್.ಟಿ.ಪಿ. ಕಾಯ್ದೆಯೂ ಸೇರಿತು. ಜನರಿಗೆ ಬೇಕಾದ ವಸ್ತುವನ್ನು ಹೆಚ್ಚು ತಯಾರಿಸಿದ ತಪ್ಪಿಗೆ ಜೈಲಿಗೆ ಹೋಗಲೂ ಸಿದ್ಧ ಎಂದು ರಾಹುಲ್ ಬಜಾಜ್ ಹೇಳುತ್ತಿದ್ದದ್ದು ಈ ಕಾರಣಕ್ಕೆ. (ಅವರ ಮಾತು ಸರಿಯೇ. ಆದರೆ ಸರದಿ ಇದ್ದಷ್ಟು ದಿನ ಗಿರಾಕಿಯನ್ನು ಹುಡುಕಿಕೊಂಡು ಹೋಗುವ ತಾಪತ್ರಯ ಯಾವ ಕಂಪನಿಗೂ ಇರಲಿಲ್ಲ ಎನ್ನುವುದೂ ಸರಿಯೇ.)

ಇದ್ದ ಸ್ವಲ್ಪವನ್ನು ಹಂಚುವುದಕ್ಕೆ 1960ರಲ್ಲಿ ಸ್ಕೂಟರ್ ಹಂಚಿಕೆ ಮತ್ತು ಮಾರಾಟ ನಿಯಂತ್ರಣ ಆದೇಶ ಬಂತು. ಸಕ್ಕರೆ, ಸೀಮೆಎಣ್ಣೆಗೆ ಇದ್ದ ಹಾಗೆಯೇ. ಡೀಲರ್ ಹತ್ತಿರ ಹೆಸರು ಬರೆಸಬೇಕು. ಬರೇ ಬರೆಸಿದರೆ ಸಾಲದು, 250 ರೂಪಾಯಿಯನ್ನು ಪೋಸ್ಟಾಫೀಸಿನ ಖಾತೆಯಲ್ಲಿಟ್ಟು ಆ ಪಾಸ್‌ಬುಕ್ಕನ್ನು ಡೀಲರ್ ಹೆಸರಿಗೆ ಒತ್ತೆ ಹಾಕಬೇಕು. ಸುಮ್ಮನೆ ಹತ್ತು ಕಡೆ ಹೆಸರು ಬರೆಸಬಾರದು ಅಂತ. ಸರದಿ ಬಂದಾಗ ಕಾಗದ ಬರುತ್ತದೆ. ಸರ್ಕಾರಿ ನೌಕರರಿಗೆ ಬೇರೆ ಕೋಟಾ. ವಿದೇಶದಲ್ಲಿರುವ ನೆಂಟರು ಡಾಲರ್ ಕೊಟ್ಟರೆ ಸರದಿಯೇ ಇಲ್ಲ, ಕೂಡಲೇ ಗಾಡಿ. ಅಮೆರಿಕಕ್ಕೆ ಹೋದ ಮಗ ಮೊದಲ ವರ್ಷ ಅಪ್ಪನಿಗೆ ಕಳಿಸುತ್ತಿದ್ದ ಉಡುಗೊರೆ ಎಷ್ಟೋ ಮನೆಗಳಲ್ಲಿ ಇದೇ ಆಗಿತ್ತು.

ಉಳಿದವರು ಕಾಯಬೇಕು. ವಿಜಯ್ ಸೂಪರಿಗೆ ಕಡಿಮೆ, ಬಜಾಜಿಗೆ ಹೆಚ್ಚು. ಎಂಟು ವರ್ಷ, ಹತ್ತು ವರ್ಷ ಕಾದವರಿದ್ದಾರೆ. ಮಗ ಹುಟ್ಟಿದಾಗ ಹೆಸರು ಬರೆಸಿ, ಅವನ ಮುಂಜಿಗೆ ಗಾಡಿ ತಂದವರಿದ್ದಾರೆ. ಕಾಯಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿ ಇತ್ತು, 'ಆನ್'. ಸರದಿ ಬಂದವನ ಚೀಟಿಯನ್ನು ಹೆಚ್ಚಿನ ದುಡ್ಡು ಕೊಟ್ಟು ಕೊಳ್ಳುವುದು. ಗಾಡಿ ಅವನ ಹೆಸರಿನಲ್ಲೇ ಬರುತ್ತಿತ್ತು, ಓಡಿಸುವವನು ಬೇರೆ. ಹೊಸ ಸ್ಕೂಟರಿಗಿಂತ ಒಂದು ವರ್ಷ ಓಡಿದ ಹಳೆಯ ಸ್ಕೂಟರಿಗೆ ಬೆಲೆ ಹೆಚ್ಚು. ಕಾಮರ್ಸ್ ಓದಿದ ನನಗೆ ಸವಕಳಿಯ ಪಾಠದಲ್ಲಿ ಈ ಉದಾಹರಣೆ ಯಾರೂ ಹೇಳಿಕೊಡಲಿಲ್ಲ. ಮದುವೆ ಮಾತುಕತೆಯಲ್ಲಿ ವರೋಪಚಾರದ ಪಟ್ಟಿಗೆ 'ಗಾಡಿ' ಸೇರಿದ್ದೂ ಇದೇ ಕಾಲದಲ್ಲಿ. ದುಡ್ಡಿದ್ದರೂ ಸಿಗದ ವಸ್ತು ಅಂದ ಮೇಲೆ ಬೀಗರ ಹತ್ತಿರವಲ್ಲದೆ ಇನ್ನಾರ ಹತ್ತಿರ ಕೇಳಬೇಕು!

ನಮ್ಮ ಮಾವ ಪ್ರಾಥಮಿಕ ಶಾಲೆಯ ಮಾಸ್ತರರು. ಮನೆ ಗದಗಿನಲ್ಲಿ, ಶಾಲೆ ಹನ್ನೊಂದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ. ಬಸ್ಸು ಮುಂಜಾನೆ ಒಂದು, ಸಂಜೆ ಒಂದು. ಎರಡೂ ಶಾಲೆಯ ವೇಳೆಗೆ ಹೊಂದುತ್ತಿರಲಿಲ್ಲ. ಮಾವ ಸೈಕಲ್ ಮೇಲೆ ಹೋಗಿ ಬರುತ್ತಿದ್ದರು, ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್. ಎರಿ ಭೂಮಿ. ಮಳೆಗಾಲದಲ್ಲಿ ಆ ಕರಿ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿ ತಿರುಗುವುದೇ ನಿಂತುಬಿಡುತ್ತಿತ್ತು. ಒಂದು ಕಡ್ಡಿಯಿಂದ ಮಣ್ಣು ಕೆದರಿ, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದದ್ದನ್ನು ಸಣ್ಣವನಿದ್ದಾಗ ನಾನೇ ನೋಡಿದ್ದೇನೆ.

1977ರಲ್ಲಿ ಅವರು ಚೇತಕ್ ಬುಕ್ ಮಾಡಿದರು. ಪಾಸ್‌ಬುಕ್ಕಿನ ಜೊತೆಗೆ ಟ್ರಂಕಿನಲ್ಲಿ ಅವರ ಜಮಾಖರ್ಚಿನ ವಹಿಗಳೂ ಸಿಕ್ಕವು. ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ ವಹಿ. ಅದರಲ್ಲಿ ಗಾಡಿಗೆ ಒಂದು ಪ್ರತ್ಯೇಕ ಪುಟವೇ ಇದೆ. ಆಗಿನ ಬೆಲೆ ನಾಲ್ಕೂವರೆ ಸಾವಿರದ ಮೇಲೆ. ಅದಕ್ಕಾಗಿ ತಿಂಗಳಿಗೆ 40 ರೂಪಾಯಿಯ ಆರ್.ಡಿ. ಒಂದು ತಿಂಗಳೂ ತಪ್ಪಿಲ್ಲ. ಏಳು ವರ್ಷಕ್ಕೆ, ಅಂದರೆ 84 ಕಂತಿಗೆ, 3,360 ರೂಪಾಯಿ ಅಸಲು. ಬಡ್ಡಿ ಸೇರಿ 4,800ರ ಹತ್ತಿರ ಆಗಿದೆ.

ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೂತವನಿಗೆ ಆ ಪುಟ ನೋಡಿ ಹೊಟ್ಟೆಯಲ್ಲಿ ಕಿವುಚಿದಂತಾಯಿತು. 1977ರ ಬೆಲೆ 1984ರಲ್ಲಿ ಮಾವನ ಕೈಗೆ ಬಂತು. ಅಷ್ಟರಲ್ಲಿ ಗಾಡಿಯ ಬೆಲೆ ಎಂಟು ಸಾವಿರ ದಾಟಿತ್ತು. ಒಂದು ರೂಪಾಯಿ ತಪ್ಪು ಮಾಡದೆ, ಒಂದು ಕಂತು ತಪ್ಪಿಸದೆ ನಡೆದವರನ್ನು ಸರದಿ ಅರ್ಧ ದಾರಿಯಲ್ಲಿ ನಿಲ್ಲಿಸಿತ್ತು. ಸ್ಕೂಟರಿನ ನಿಜವಾದ ಬೆಲೆಯನ್ನು ಡೀಲರಿನ ದರಪಟ್ಟಿಯಲ್ಲಿ ನೋಡಿದರೆ ತಿಳಿಯುವುದಿಲ್ಲ. ಮಾವ ಆ ಏಳು ವರ್ಷಗಳನ್ನೂ ಕೊಟ್ಟಿದ್ದರು.

ಆದರೂ ಅವರು ಸೋತಿರಲಿಲ್ಲ. ಪುಟದ ಕೆಳಗೆ ಪೆನ್ಸಿಲಿನಲ್ಲಿ ಲೆಕ್ಕ ಹಾಕಿದ್ದಾರೆ: ಮಾಸ್ತರರ ಸೊಸೈಟಿಯಿಂದ ಇಷ್ಟು ಸಾಲ, ತಿಂಗಳಿಗೆ ಇಷ್ಟು ಕಂತು, ಪೆಟ್ರೋಲಿಗೆ ಇಷ್ಟು. ಹೊಂದಿಸಿದ್ದಾರೆ. ಆ ಲೆಕ್ಕದ ಮೇಲೆ ಒಂದು ಗೆರೆ. ಅದರ ಕೆಳಗೆ ಶಾಯಿಯಲ್ಲಿ ಹೀಗಿದೆ: 'ಗಾಡಿ ಚೀಟಿ ಕೊಟ್ಟದ್ದು, ಜಮಾ 2,500. ಧಾರವಾಡ: ಫೀ, ಹಾಸ್ಟೆಲ್ ಡಿಪಾಜಿಟ್, ಪುಸ್ತಕ, ಹಾಸಿಗೆ, ಟ್ರಂಕು.' ಮುಂದಿನ ಪುಟದಿಂದ ತಿಂಗಳು ತಿಂಗಳು 'ಧಾರವಾಡ ಎಂ.ಓ. 150'. ಮೂವತ್ತೆರಡು ಸಲ.

ಧಾರವಾಡದಲ್ಲಿ 1984ರಿಂದ 1987ರವರೆಗೆ ಬಿ.ಕಾಂ. ಓದಿದವನು ನಾನು.

ಅಪ್ಪ 1983ರಲ್ಲಿ ತೀರಿಕೊಂಡಿದ್ದರು. ನನ್ನ ಓದು ಅಪ್ಪನ ಪಿ.ಎಫ್. ದುಡ್ಡಿನಲ್ಲಿ ನಡೆಯಿತು, ಎಂ.ಓ. ಮಾಡುವ ಕೆಲಸವಷ್ಟೇ ಮಾವನದು ಎಂದು ಅವ್ವ ಹೇಳಿದ್ದಳು, ನಾನೂ ಹಾಗೇ ತಿಳಿದಿದ್ದೆ. ಮಾವನ ಗಾಡಿ ಯಾಕೆ ಬರಲಿಲ್ಲ ಎಂದು ಕೇಳಿದಾಗ, "ರೇಟು ಭಾಳ ಆತಪಾ, ಬ್ಯಾಡ ಅಂದ್ರು" ಎಂದಿದ್ದಳು. ಪೂರ್ತಿ ಸುಳ್ಳೂ ಅಲ್ಲ ನೋಡಿ. 40 ರೂಪಾಯಿಯಂತೆ ಏಳು ವರ್ಷ ಕೂಡಿಸಿದ್ದು 150ರಂತೆ ಮೂವತ್ತೆರಡು ತಿಂಗಳಲ್ಲಿ ಹೋಗಿದೆ. ಗುಣಿಸಿ ನೋಡಿದೆ, 4,800. ನನ್ನ ಬಿ.ಕಾಂ. ಎನ್ನುವುದು ಒಂದು ಚೇತಕ್.

ಮಾವ 1991ರಲ್ಲಿ ನಿವೃತ್ತಿ ಆಗುವವರೆಗೆ, ಇನ್ನೂ ಏಳು ವರ್ಷ, ಅದೇ ಸೈಕಲ್ ತುಳಿದರು.

ಇನ್ನು ನನ್ನ ಗಾಡಿಯ ವಿಷಯ. ಬ್ಯಾಂಕಿಗೆ ಕ್ಲರ್ಕ್ ಆಗಿ ಸೇರಿ 1989ರಲ್ಲಿ ಪುಣೆಗೆ ಬಂದೆ. ಬ್ರಾಂಚು ಚಿಂಚವಾಡದಲ್ಲಿ. ಇಬ್ಬರು ಸೇರಿ ಹಿಡಿದ ಖೋಲಿ ಸದಾಶಿವ ಪೇಟೆಯಲ್ಲಿ. ಪಿ.ಎಂ.ಟಿ. ಬಸ್ಸಿನಲ್ಲಿ ಶಿವಾಜಿನಗರ, ಅಲ್ಲಿಂದ ಲೋಕಲ್ ಹಿಡಿದು ಚಿಂಚವಾಡ, ಮತ್ತೆ ನಡಿಗೆ. ಒಂದು ಕಡೆಗೆ ಒಂದೂಕಾಲು ಗಂಟೆ. ಲೋಕಲ್ ತಪ್ಪಿದರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರು. ನಾನು ಬರುವಷ್ಟರಲ್ಲಿ ಸ್ಕೂಟರು, ಲೂನಾಗಳ ಊರಾಗಿತ್ತು. ಇಲ್ಲಿನ ಹೆಣ್ಣುಮಕ್ಕಳು ಮುಖಕ್ಕೆ ಓಢಣಿ ಸುತ್ತಿಕೊಂಡು ಭರ್ರನೆ ಹೋಗುವುದನ್ನು ಮೊದಲ ಸಲ ನೋಡಿ ಬೆರಗಾಗಿದ್ದೆ. ಇಲ್ಲಿಯೂ ಅದಕ್ಕೆ 'ಗಾಡಿ' ಎಂದೇ ಅನ್ನುತ್ತಿದ್ದರು, ನಮ್ಮ ಕಡೆ ಅನ್ನುವ ಹಾಗೇ. ಪರಊರಿನಲ್ಲಿ ಅದೊಂದು ಶಬ್ದ ನನಗೆ ಮೊದಲ ದಿನವೇ ತಿಳಿಯಿತು.

1992ರ ಆಗಸ್ಟಿನಲ್ಲಿ ಗಾಡಿ ಕೊಳ್ಳಬೇಕೆಂದು ಕೂತು ಬಜೆಟ್ ಹಾಕಿದೆ. ಆ ಚೀಟಿ ನನ್ನ ಹತ್ತಿರ ಇನ್ನೂ ಇದೆ (ಕಾಗದ ಎಸೆಯದಿರುವುದು ನಮ್ಮ ಮನೆತನದ ರೋಗ). ಕೈಗೆ ಬರುವ ಸಂಬಳ 2,640. ಅವ್ವನಿಗೆ 800, ಖೋಲಿಗೆ 400, ಖಾನಾವಳಿಗೆ 450, ಬಸ್ಸು ಮತ್ತು ಲೋಕಲ್ ಪಾಸಿಗೆ 90, ಎಲ್.ಐ.ಸಿ. 150, ಆರ್.ಡಿ. 300. ಉಳಿದದ್ದು 450. ಚಹಾ, ಸಿನಿಮಾ, ಊರಿಗೆ ಹೋಗುವ ರೈಲಿನ ಟಿಕೆಟ್ಟು ಎಲ್ಲ ಅದರಲ್ಲೇ.

ಗಾಡಿ ರಸ್ತೆಗೆ ಬರುವಷ್ಟರಲ್ಲಿ, ಅಂದರೆ ಟ್ಯಾಕ್ಸು, ಇನ್ಶೂರೆನ್ಸು ಸೇರಿ, 17,900. ನಮ್ಮ ಬ್ಯಾಂಕಿನಲ್ಲಿ ನೌಕರರಿಗೆ ಕಡಿಮೆ ಬಡ್ಡಿಯ ವಾಹನ ಸಾಲವಿತ್ತು. ಮೊದಲು ಅಸಲು ಮುರಿದುಕೊಳ್ಳುವುದು, ಬಡ್ಡಿ ಕೊನೆಗೆ. 12,000 ಸಾಲ, ಅರವತ್ತು ತಿಂಗಳು, ತಿಂಗಳಿಗೆ 200. ಉಳಿದ 5,900 ನನ್ನ ಉಳಿತಾಯದಿಂದ. ಅಲ್ಲಿಗೆ ಕೊಳ್ಳುವುದು ಆಯಿತು. ಜನ ತಪ್ಪುವುದು ಇಲ್ಲಿಂದ ಮುಂದೆ. ದಿನಕ್ಕೆ 35 ಕಿಲೋಮೀಟರ್, ತಿಂಗಳಿಗೆ 25 ದಿನ, 875 ಕಿಲೋಮೀಟರ್. ಲೀಟರಿಗೆ 42 ಕೊಟ್ಟರೂ 21 ಲೀಟರ್ ಬೇಕು. ಪೆಟ್ರೋಲು ಆಗ ಹದಿನೈದರ ಆಸುಪಾಸು. ಪ್ರತಿ ಲೀಟರಿಗೆ ಹಾಕುವ ಟೂಟಿ ಆಯಿಲ್ ಸೇರಿ 340. ಪ್ಲಗ್ಗು, ಕೇಬಲ್ಲು, ಪಂಕ್ಚರ್ ಎಂದು 40. ಒಟ್ಟು 580. ಪಾಸಿನ 90 ಉಳಿಯುತ್ತದೆ ಎಂದರೂ 490. ನನ್ನ ಹತ್ತಿರ ಇದ್ದದ್ದು 450.

ನಲವತ್ತು ರೂಪಾಯಿ ಕಡಿಮೆ! ಎರಡು ದಿನ ಆ ನಲವತ್ತು ರೂಪಾಯಿಯ ಜೊತೆ ಗುದ್ದಾಡಿದೆ. ಕೊನೆಗೆ ಆರ್.ಡಿ.ಯನ್ನು 300ರಿಂದ 100ಕ್ಕೆ ಇಳಿಸಿದೆ. ಮ್ಯಾನೇಜರ್ ಸಾಹೇಬರು ಅರ್ಜಿ ನೋಡಿ, ಗಾಡಿ ತೆಗೆದುಕೊಳ್ಳುವಾಗ ಎಲ್ಲರೂ ಗಾಡಿಯ ಲೆಕ್ಕ ಹಾಕುತ್ತಾರೆ, ನೀನು ಪೆಟ್ರೋಲಿನ ಲೆಕ್ಕ ಹಾಕಿದ್ದೀಯಾ, ಸಾಲ ತೀರಿಸುತ್ತೀ ಎಂದು ಸಹಿ ಮಾಡಿದರು. ಆಮೇಲೆ ನಾನೇ ಆಫೀಸರ್ ಆಗಿ ಎಷ್ಟೋ ವಾಹನ ಸಾಲ ಮಂಜೂರು ಮಾಡಿದೆ. ಅರ್ಜಿದಾರರಿಗೆ ಮೊದಲು ಕೇಳುತ್ತಿದ್ದ ಪ್ರಶ್ನೆ, ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ?

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಬೀಗರು ತಾವಾಗಿಯೇ, ಹುಡುಗನಿಗೆ ಗಾಡಿ ಕೊಡಿಸುತ್ತೇವೆ ಎಂದಿದ್ದರು. ಯಾವುದಕ್ಕೂ ಗಟ್ಟಿಯಾಗಿ ಮಾತಾಡದ ಅವ್ವ ಅವತ್ತು ಎಲ್ಲರೆದುರು, "ಗಾಡಿ ಬ್ಯಾಡ್ರಿ. ಅಂವ ದುಡದ ತೊಗೋತಾನ. ಇನ್ನೊಬ್ಬರ ಗಾಡಿ ಮ್ಯಾಲ ಅಂವ ಕುಂಡ್ರೂದು ಬ್ಯಾಡ" ಎಂದುಬಿಟ್ಟಳು. ಸ್ವಾಭಿಮಾನದ ಮಾತು ಎಂದುಕೊಂಡಿದ್ದೆ. ಈಗ ಆ ವಹಿ ನೋಡಿದ ಮೇಲೆ ಅವಳ ಮಾತು ಕಿವಿಯಲ್ಲಿ ಬೇರೆ ರೀತಿ ಕೇಳುತ್ತದೆ. ಕೇಳೋಣವೆಂದರೆ ಅವ್ವನೂ ಇಲ್ಲ.

ಶೋರೂಮಿಗೆ ಹೋದೆ. ರಿಜಿಸ್ಟರಿನಲ್ಲಿ ಹೆಸರು ಬರೆಸುವುದಕ್ಕೆ ತಯಾರಾಗಿಯೇ ಹೋಗಿದ್ದೆ. ಅಲ್ಲಿನ ಹುಡುಗ ಕುರ್ಚಿ ಕೊಟ್ಟು, ಚಹಾ ತರಿಸಿ, "ರಂಗ್ ಕೋಣತಾ ಪಾಹಿಜೆ ಸಾಹೇಬ?" ಎಂದು ಕೇಳಿದ. ಯಾವ ಬಣ್ಣ ಬೇಕು ಅಂತ. ನನಗೆ ಒಂದು ನಿಮಿಷ ಉತ್ತರ ಹೊಳೆಯಲಿಲ್ಲ. ಬಣ್ಣ ಕೇಳುವ ಪದ್ಧತಿ ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಎಂಟು ವರ್ಷಗಳಲ್ಲಿ ಏನಾಗಿತ್ತು? ಎಂಬತ್ತರ ದಶಕದಲ್ಲಿ ಸರ್ಕಾರ ಹಗ್ಗ ಸಡಿಲ ಬಿಟ್ಟಿತ್ತು. ಹೊರದೇಶದ ಕಂಪನಿಗಳ ಜೊತೆ ಸೇರಿ ಗಾಡಿ ಮಾಡಲು ಅಪ್ಪಣೆ ಸಿಕ್ಕಿತು. ಕಾನ್ಪುರದಲ್ಲಿ ಎಲ್.ಎಂ.ಎಲ್. ವೆಸ್ಪಾ, 1984ರಲ್ಲಿ ಗೇರಿಲ್ಲದ, ಬಟನ್ ಒತ್ತಿದರೆ ಚಾಲೂ ಆಗುವ ಕೈನೆಟಿಕ್ ಹೋಂಡಾ, 1985ರಲ್ಲಿ ಹೀರೋ ಹೋಂಡಾ ಬೈಕು. ಅದೇ ವರ್ಷ, ಒಂದು ಲೈಸೆನ್ಸಿನಲ್ಲಿ ಬೇರೆ ಬೇರೆ ಬಗೆಯ ದ್ವಿಚಕ್ರ ಮಾಡಬಹುದೆಂದಾಯಿತು. ಬಜಾಜಿನವರು ಔರಂಗಾಬಾದಿನ ಹತ್ತಿರ ವಾಳೂಜಿನಲ್ಲಿ ಇನ್ನೊಂದು ಕಾರ್ಖಾನೆ ತೆರೆದರು. 1977ರಲ್ಲಿ ವರ್ಷಕ್ಕೆ ಒಂದು ಲಕ್ಷ ಗಾಡಿ ಮಾರುತ್ತಿದ್ದ ಕಂಪನಿ 1986ರ ಹೊತ್ತಿಗೆ ಐದು ಲಕ್ಷಕ್ಕೆ ಬಂದಿತ್ತು. 1989ರಲ್ಲಿ ಟಿ.ವಿ.ಯಲ್ಲಿ ಹಮಾರಾ ಬಜಾಜ್ ಜಾಹೀರಾತು ಬಂತಲ್ಲ, ನಮಗೆಲ್ಲ ಕಣ್ಣು ತುಂಬಿ ಬರುತ್ತಿತ್ತು. ಆದರೆ ವ್ಯಾಪಾರದ ದೃಷ್ಟಿಯಿಂದ ನೋಡಿ: ಹತ್ತು ವರ್ಷ ಸರದಿ ಇದ್ದ ಕಾಲದಲ್ಲಿ ಅಂಥ ಜಾಹೀರಾತು ಯಾಕೆ ಬೇಕಿತ್ತು? ಜಾಹೀರಾತು ಬಂತೆಂದರೆ ಸರದಿ ಕರಗಿತೆಂದೇ ಅರ್ಥ.

1991ರದು ಎಲ್ಲರಿಗೂ ಗೊತ್ತಿರುವ ಕಥೆ. ದೇಶದ ಬಂಗಾರ ಒತ್ತೆಗೆ ಹೋಯಿತು, ಜುಲೈ ಮೊದಲ ವಾರದಲ್ಲಿ ಎರಡು ಸಲ ರೂಪಾಯಿಯ ಬೆಲೆ ಇಳಿಸಿದರು, 24ರಂದು ಮನಮೋಹನ್ ಸಿಂಗರ ಬಜೆಟ್ಟಿನ ದಿನವೇ ಬಹುತೇಕ ಕೈಗಾರಿಕೆಗಳ ಲೈಸೆನ್ಸ್ ರದ್ದಾಯಿತು. ಆ ವರ್ಷವೂ ಮರುವರ್ಷವೂ ವ್ಯಾಪಾರ ಮಂದ. ಶೋರೂಮಿನ ಹುಡುಗ ನನಗೆ ಚಹಾ ಕೊಟ್ಟದ್ದು ಅದಕ್ಕೇ. ನಾನು ತಿಳಿ ನೀಲಿ ಆರಿಸಿದೆ. ನಾಲ್ಕನೇ ದಿನ ಗಾಡಿ ಬಂತು.

ಆಮೇಲಿನದು ಸಾಲದ ಯುಗ. ತೊಂಬತ್ತರ ದಶಕದ ನಡುವಿನಿಂದ ಶೋರೂಮಿನೊಳಗೇ ಫೈನಾನ್ಸ್ ಕಂಪನಿಗಳ ಮೇಜು ಬಂದವು. ಮುಂದಿನ ತಾರೀಖಿನ ಮೂವತ್ತಾರು ಚೆಕ್ಕಿಗೆ ಸಹಿ ಹಾಕಿದರೆ ಗಾಡಿ ನಿಮ್ಮದು. ಬಡ್ಡಿ ಎಷ್ಟು ಎಂದರೆ "ಬರೇ 12 ಪರ್ಸೆಂಟ್, ಫ್ಲ್ಯಾಟ್" ಎನ್ನುತ್ತಿದ್ದರು. ಈ 'ಫ್ಲ್ಯಾಟ್' ಎನ್ನುವ ಶಬ್ದದ ಮೇಲೆ ನನಗೆ ಹಳೆಯ ಸಿಟ್ಟಿದೆ. 12,000 ಸಾಲಕ್ಕೆ ಮೂರು ವರ್ಷದ ಬಡ್ಡಿ 4,320 ಎಂದು ಮೊದಲೇ ಸೇರಿಸಿ, 16,320ನ್ನು 36ರಿಂದ ಭಾಗಿಸಿ ತಿಂಗಳಿಗೆ 453 ಎನ್ನುತ್ತಾರೆ. ಆದರೆ ನೀವು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಿರುತ್ತೀರಲ್ಲ, ಎರಡನೇ ವರ್ಷಕ್ಕೆ ನಿಮ್ಮ ಮೇಲೆ 12,000 ಸಾಲ ಎಲ್ಲಿರುತ್ತದೆ? ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಆ 12 ಎನ್ನುವುದು 21ಕ್ಕಿಂತ ಹೆಚ್ಚಾಗುತ್ತದೆ. ನಮ್ಮ ಬ್ಯಾಂಕಿನಲ್ಲಿ ಹದಿನೈದು ಎಂದರೆ, "ಅಲ್ಲಿ ಹನ್ನೆರಡಕ್ಕೇ ಕೊಡ್ತಾರೆ ಸಾಹೇಬರೆ" ಎಂದು ಎದ್ದು ಹೋದ ಗಿರಾಕಿಗಳನ್ನು ಎಷ್ಟು ನೋಡಿದ್ದೇನೋ.

ಆದರೂ ಒಂದು ಮಾತು ಒಪ್ಪಬೇಕು. ಮಾವ ಏಳು ವರ್ಷ ಕಂತು ಕಟ್ಟಿ ಗಾಡಿಗಾಗಿ ಕಾದರು. ಸಾಲ ಮಾಡಿದವನು ಗಾಡಿ ಓಡಿಸುತ್ತ ಕಂತು ಕಟ್ಟಿದ. ಬಡ್ಡಿ ಇಬ್ಬರೂ ಕೊಟ್ಟರು. ಮಾವ ಕೊಟ್ಟದ್ದು ಯಾವ ವಹಿಯಲ್ಲೂ ಬಡ್ಡಿ ಎಂದು ಬರೆದಿಲ್ಲ, ಅಷ್ಟೇ. ಇಬ್ಬರಲ್ಲಿ ಯಾರು ಹೆಚ್ಚು ಕೊಟ್ಟರು ಎಂದು ನನ್ನನ್ನು ಕೇಳಿದರೆ, ಫ್ಲ್ಯಾಟ್ ದರದ ಮೇಲೆ ಎಷ್ಟೇ ಸಿಟ್ಟಿದ್ದರೂ, ಮಾವ ಎಂದೇ ಹೇಳುತ್ತೇನೆ.

ಹೋಂಡಾ ಆಕ್ಟಿವಾ 2001ರಲ್ಲಿ ಬಂದ ಮೇಲೆ ಗೇರಿನ ಸ್ಕೂಟರ್ ಓಡಿಸುವವರು ಕಡಿಮೆಯಾದರು. ಮಗ್ಗುಲಿಗೆ ಬಾಗಿಸಿ ಕಿಕ್ ಹೊಡೆಯುವ ವಿದ್ಯೆಯೂ ಹೋಯಿತು. 2009ರ ಡಿಸೆಂಬರಿನಲ್ಲಿ ಬಜಾಜ್ ಸ್ಕೂಟರ್ ಮಾಡುವುದನ್ನೇ ಬಿಡುತ್ತೇವೆಂದಿತು. ಹತ್ತು ವರ್ಷ ಬಿಟ್ಟು ಅದೇ ಚೇತಕ್ ಹೆಸರು ಬ್ಯಾಟರಿಯ ಗಾಡಿಯಾಗಿ ಮರಳಿ ಬಂತು. 2024ರಲ್ಲಿ ನನ್ನ ಮಗಳು ಹಿಂಜೆವಾಡಿಯ ಆಫೀಸಿಗೆ ಹೋಗಲು ಅದನ್ನೇ ಕೊಂಡಳು. ಸಾಲ ಮೊಬೈಲಿನಲ್ಲೇ, ಹತ್ತು ನಿಮಿಷದಲ್ಲಿ ಮಂಜೂರು. ನನಗೆ ಹೇಳಿದ್ದು ಪೂಜೆಗೆ ನಿಂಬೆಹಣ್ಣು ತರಲಿಕ್ಕೆ ಮಾತ್ರ. ಫ್ಲ್ಯಾಟೋ ರೆಡ್ಯೂಸಿಂಗೋ ಎಂದು ಕೇಳಿದೆ. "ಅಪ್ಪಾ, ಇ.ಎಂ.ಐ. ಎಷ್ಟು ಅಂತ ಕೇಳು, ಸಾಕು" ಎಂದಳು. ಕಾಗದ ತರಿಸಿ ಓದಿದರೆ ಇನ್ಶೂರೆನ್ಸನ್ನೂ ಸಾಲದಲ್ಲೇ ಸೇರಿಸಿ ಅದಕ್ಕೂ ಬಡ್ಡಿ ಹಾಕಿದ್ದರು. ಹೇಳಿದೆ. ನಕ್ಕಳು. ಅವಳಿಗೆ ಆ ಹಳೆಯ ಪಾಸ್‌ಬುಕ್ ತೋರಿಸಿದಾಗ ಮಾತ್ರ ನಗಲಿಲ್ಲ. ಕೈಯಲ್ಲಿ ಹಿಡಿದು ಬಹಳ ಹೊತ್ತು ಆ ಸ್ಟಾಂಪು ನೋಡಿದಳು.

1993ರ ಬೇಸಿಗೆಯಲ್ಲಿ ಮಾವ ಮತ್ತು ಅತ್ತೆ ಪುಣೆಗೆ ಬಂದಿದ್ದರು. ಗಾಡಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಮಾವ ಅದನ್ನು ಸುತ್ತಲೂ ನೋಡಿದರು. ಸ್ಟೆಪ್ನಿಯ ಮೇಲೆ ಕೈಯಾಡಿಸಿದರು. ಊರಲ್ಲಿ ಏನೇನು ನೋಡುತ್ತೀರಿ ಎಂದರೆ, ಪರ್ವತಿ ಬೇಡ, ಶನಿವಾರವಾಡಾ ಬೇಡ, "ಅಳಿಯಾ, ಈ ಗಾಡಿ ಮಾಡೂ ಕಾರ್ಖಾನಿ ಇಲ್ಲೇ ಐತಂತಲ್ಲ, ತೋರಸ್ತೀಯೇನು?" ಎಂದರು.

ರವಿವಾರ ಬಿಟ್ಟು ಒಂದು ರಜೆಯ ದಿನ ಹಿಂದೆ ಕೂರಿಸಿಕೊಂಡು ಹೊರಟೆ. ಮಾವ ಧೋತರದ ಕಚ್ಚೆ ಗಟ್ಟಿ ಮಾಡಿ, ಎರಡೂ ಕೈಯಿಂದ ಸೀಟಿನ ಹಿಡಿಕೆ ಹಿಡಿದು ಕೂತಿದ್ದರು. ಮುಂಬಯಿ ರಸ್ತೆಯಲ್ಲಿ ಆಕುರ್ಡಿಗೆ ಬಂದು ಗೇಟಿನ ಎದುರು ನಿಲ್ಲಿಸಿದೆ. ಒಳಗೆ ಬಿಡುವುದಿಲ್ಲವಲ್ಲ, ಹೊರಗಿನಿಂದಲೇ ನೋಡಬೇಕು. ಲಾರಿಗಳ ಮೇಲೆ ಸಾಲಾಗಿ ಹೊಸ ಗಾಡಿಗಳು ಹೊರಗೆ ಹೋಗುತ್ತಿದ್ದವು, ಒಂದರ ಹಿಂದೆ ಒಂದು. ಮಾವ ರಸ್ತೆಯ ಈಚೆ ಬೇವಿನ ನೆರಳಲ್ಲಿ ನಿಂತು ನೋಡುತ್ತಲೇ ಇದ್ದರು. ಹತ್ತು ನಿಮಿಷ ಆಗಿರಬಹುದು.

"ಇಷ್ಟ ಮಾಡ್ತಾರ. ಈಗ ಯಾರೂ ಕಾಯೂದಿಲ್ಲೇನು?"

"ಇಲ್ರೀ ಮಾಮಾ. ನಾಕ ದಿನದಾಗ ಕೊಡ್ತಾರ. ಯಾವ ಬಣ್ಣ ಬೇಕು ಅಂತ ಕೇಳ್ತಾರ, ಅಷ್ಟ."

ಮಾವ ನನ್ನ ಗಾಡಿಯ ಕಡೆ ತಿರುಗಿ ನೋಡಿದರು. "ಹಂಗಾರ ಈ ನೀಲಿ ಬಣ್ಣ ನೀನ ಆರಿಸಿದೇನು?"

ಹೂಂ ಅಂದೆ.

"ಚೊಲೋ ಐತಿ" ಎಂದರು. ಆಮೇಲೆ ಧೋತರ ಸರಿ ಮಾಡಿಕೊಂಡು ಹಿಂದೆ ಹತ್ತಿ ಕೂತು, "ನಡಿ, ಬಿಸಲಾತು" ಎಂದರು.